ಟೀ ಸೊಪ್ಪು, ವರ್ಷನ್ ೭

ನಮ್ಮಪ್ಪ ದಿನಕ್ಕೆ ಆರು ಲೋಟ ಟೀ ಕುಡೀತಿದ್ರು. ಗಟ್ಟಿ ಹಾಲು, ಲೋಟಕ್ಕೆ ಎರಡು ಚಮಚ ಸಕ್ಕರೆ. ಹೋದ ವರ್ಷ ಶುಗರ್ ಇದೆ ಅಂತ ಗೊತ್ತಾಯ್ತು, ಡಾಕ್ಟರು ಸಕ್ಕರೆ ಬಿಡಿ ಅಂದ್ರು. ಅಪ್ಪ ಸಕ್ಕರೆ ಜೊತೆಗೆ ಟೀನೂ ಬಿಟ್ಟುಬಿಟ್ರು. "ಸಪ್ಪೆ ಟೀ ಕುಡಿಯೋ ಬದಲು ನೀರೇ ಕುಡೀತೀನಿ" ಅಂತ. ತಿಪಟೂರಿನ ಮನೆಯಲ್ಲಿ ಸಂಜೆ ಐದಕ್ಕೆ ಜಗಲಿ ಮೇಲೆ ಟೀ ಲೋಟ ಹಿಡಿದು ಕೂತಾಗಲೇ ಅವರು ನಮ್ಮ ಹತ್ರ ನಾಲ್ಕು ಮಾತಾಡ್ತಿದ್ದದ್ದು. ಟೀ ನಿಂತ ಮೇಲೆ ಮಾತೂ ನಿಂತುಹೋಯ್ತು.

ನನಗೆ ಆಗಲೇ ಟೀ ಎಲೆಯ ಹುಚ್ಚು ಹಿಡಿದಿತ್ತು. ಕೂನೂರಿಗೆ ಹೋದಾಗ ತಂದ ಕಾಲು ಕೆಜಿ ನೀಲಗಿರಿ ಎಲೆಯಿಂದ ಶುರುವಾದದ್ದು. ನಾವು ಮನೇಲಿ ಬಳಸೋದು ಹೆಚ್ಚಾಗಿ ಸಿಟಿಸಿ ಟೀ. ಎಲೆಯನ್ನ ಜಜ್ಜಿ, ಹರಿದು, ಸಾಸಿವೆ ಕಾಳಿನ ಹಾಗೆ ಸುತ್ತಿರ್ತಾರೆ. ಕುದಿಸಿದ ತಕ್ಷಣ ಕಡುಬಣ್ಣ ಬಿಡುತ್ತೆ, ಹಾಲು ಸಕ್ಕರೆಯ ಭಾರ ತಡ್ಕೊಳ್ಳುತ್ತೆ. ಇಡೀ ಎಲೆ ಹಾಗಲ್ಲ. ಒಣಗಿ ಸುರುಟಿಕೊಂಡಿರೋದು ಬಿಸಿನೀರಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತೆ. ಅದನ್ನ ನಮ್ಮ ಪದ್ಧತಿಯಲ್ಲಿ ಕೊತಕೊತ ಕುದಿಸಿದ್ರೆ ಕಹಿ ಒಗರು ಬಿಟ್ಟು ಬೇರೇನೂ ಸಿಗಲ್ಲ (ನಾನೂ ಮೊದಲ ವಾರ ಹಾಗೇ ಕುದಿಸಿ ದುಡ್ಡು ದಂಡ ಅಂತ ಬೈಕೊಂಡಿದ್ದೆ). ನೀರು ಕುದಿಸಿ, ಇಳಿಸಿ, ಎಲೆ ಹಾಕಿ, ಮುಚ್ಚಿ, ಮೂರು ನಾಲ್ಕು ನಿಮಿಷ ಸುಮ್ನಿರಬೇಕು. ಸುಮ್ನಿರೋದೇ ಕಷ್ಟ.

ಹಾಲು ಸಕ್ಕರೆ ಇಲ್ದೇನೇ ಅಪ್ಪ ಕುಡಿಯೋ ಹಾಗಿನ ಟೀ ಒಂದನ್ನ ನಾನೇ ಬೆರೆಸಿ ಮಾಡ್ತೀನಿ ಅಂತ ಹೊರಟೆ. ಇಂಜಿನಿಯರ್ ಬುದ್ಧಿ ಎಲ್ಲಿ ಹೋಗುತ್ತೆ, ಎಕ್ಸೆಲ್ ಶೀಟ್ ತೆರೆದೆ, ಗ್ರಾಂ ಲೆಕ್ಕದ ಪುಟ್ಟ ತಕ್ಕಡಿ ತಂದೆ. ಟೀ ಮಾಡೋಕೂ ಒಂದು ಐಎಸ್ಓ ಸ್ಟ್ಯಾಂಡರ್ಡ್ ಇದೆ ಗೊತ್ತಾ? ಐಎಸ್ಓ ೩೧೦೩, ೧೯೮೦ರದ್ದು. ೧೦೦ ಮಿಲಿ ನೀರಿಗೆ ೨ ಗ್ರಾಂ ಎಲೆ, ೬ ನಿಮಿಷ. ಬ್ರಿಟಿಷರ ಇಂಥದೇ ಸ್ಟ್ಯಾಂಡರ್ಡಿಗೆ ೧೯೯೯ರಲ್ಲಿ ಇಗ್ ನೊಬೆಲ್ ಕೊಟ್ಟು ನಕ್ಕಿದ್ದೂ ಆಯ್ತು. ಅದು ರುಚಿಗಲ್ಲ, ಒಂದು ಟೀನ ಇನ್ನೊಂದರ ಜೊತೆ ಹೋಲಿಸಿ ನೋಡೋಕೆ. ನನಗೆ ಬೇಕಾಗಿದ್ದೂ ಅದೇ.

ವರ್ಷನ್ ೧, ಬರೀ ನೀಲಗಿರಿ. ಅಪ್ಪ ಒಂದು ಗುಟುಕು ಕುಡಿದು "ಲೋಟ ತೊಳೆದ ನೀರು ಇದ್ದಂಗಿದೆ" ಅಂದ್ರು. ೨ರಲ್ಲಿ ಅಸ್ಸಾಂ ಎಲೆ ಸೇರಿಸಿದೆ, ಮೂರು ಪಾಲಿಗೆ ಒಂದು ಪಾಲು. ಬಣ್ಣ ಬಂತು, ಗಟ್ಟಿಯಾಯ್ತು. ೩ಕ್ಕೆ ಕಿತ್ತಳೆ ಸಿಪ್ಪೆ ಹಾಕಿದೆ. ಸರಿಯಾಗಿ ಒಣಗಿರಲಿಲ್ಲ, ಹತ್ತು ದಿನಕ್ಕೆ ಡಬ್ಬ ಪೂರ್ತಿ ಬೂಷ್ಟು! ತುಳಸಿ ಹಾಕಿದ್ದಕ್ಕೆ "ಯಾರಿಗೋ ಜ್ವರ?" ಅಂದ್ರು. ಗುಲಾಬಿ ದಳ ಹಾಕಿದ್ದನ್ನ ಮೂಸಿ ನೋಡಿ ದೇವರ ಮನೆ ಕಡೆ ಕೈ ತೋರಿಸಿದ್ರು. ಈ ಮಧ್ಯೆ ಒಂದು ಪಾಠ ಕಲಿತೆ. ಬೆರೆಸೋ ಪದಾರ್ಥಗಳು ಹೆಚ್ಚುಕಮ್ಮಿ ಒಂದೇ ಗಾತ್ರ ಇರಬೇಕು, ಇಲ್ಲಾಂದ್ರೆ ಸಣ್ಣದೆಲ್ಲ ಡಬ್ಬದ ತಳಕ್ಕೆ ಹೋಗಿ ಮೇಲಿನ ಚಮಚದ ಟೀನೇ ಬೇರೆ, ಕೊನೇ ಚಮಚದ್ದೇ ಬೇರೆ.

ವರ್ಷನ್ ೬ರಲ್ಲಿ ನನ್ನ ಬುದ್ಧಿವಂತಿಕೆ ಉಕ್ಕಿ ಹರೀತು. ಗ್ರಂದಿಗೆ ಅಂಗಡಿಯಿಂದ ಜೇಷ್ಠಮಧು ಬೇರು ತಂದು ಚೂರು ಮಾಡಿ ಹಾಕಿದೆ. ಸಕ್ಕರೆ ಇಲ್ಲದ ಸಿಹಿ! ಅಪ್ಪ ಪೂರ್ತಿ ಲೋಟ ಖಾಲಿ ಮಾಡಿ "ಚೆನ್ನಾಗಿದೆ" ಅಂದ್ರು. ಎಕ್ಸೆಲ್ಲಿನ ಆ ಸಾಲಿಗೆ ಹಸಿರು ಬಣ್ಣ ತುಂಬಿದೆ. ದೊಡ್ಡ ಡಬ್ಬದ ತುಂಬ ಮಾಡಿಕೊಟ್ಟು ಬೆಂಗಳೂರಿಗೆ ಬಂದೆ.

ಒಂದೂವರೆ ತಿಂಗಳಾದ ಮೇಲೆ ಅಮ್ಮನ ಫೋನು. ಅಪ್ಪನ ಪಾದ ಊದಿದೆ, ಬಿಪಿ ೧೭೦ ದಾಟಿದೆ. ಬಿಪಿ ಮಾತ್ರೆ ಎಂಟು ವರ್ಷದಿಂದ ತಪ್ಪದೆ ತಗೋತಿದಾರೆ, ಯಾವತ್ತೂ ಹೀಗಾಗಿರಲಿಲ್ಲ. ರಾತ್ರಿ ರೈಲಿಗೇ ಹೋದೆ. ಡಾಕ್ಟರು ಮಾತ್ರೆ ಎಲ್ಲ ಕೇಳಿ, ಆಮೇಲೆ "ಹೊಸದಾಗಿ ಏನಾದ್ರೂ ಶುರು ಮಾಡಿದ್ದೀರಾ? ಕಷಾಯ, ಲೇಹ್ಯ?" ಅಂದ್ರು. ಅಪ್ಪ ಇಲ್ಲ ಅಂದ್ರು. ಅಮ್ಮ ನನ್ನ ಮುಖ ನೋಡಿದ್ರು.

ಆ ಬೇರಿನಲ್ಲಿರೋ ಗ್ಲಿಸರೈಜಿನ್ ಅನ್ನೋ ಅಂಶ ದೇಹದಲ್ಲಿ ಉಪ್ಪು, ನೀರು ಉಳಿಯೋ ಹಾಗೆ ಮಾಡಿ ಪೊಟ್ಯಾಸಿಯಂ ಇಳಿಸುತ್ತಂತೆ. ಬಿಪಿ ಇರೋರು ದಿನಾ ಕುಡಿಯೋ ವಸ್ತುವೇ ಅಲ್ಲ. ಅಪ್ಪನ ರಕ್ತದಲ್ಲೂ ಪೊಟ್ಯಾಸಿಯಂ ಕಮ್ಮಿ ಬಂತು. ಕೂಡ್ಲೇ ನಿಲ್ಲಿಸಿ ಅಂದ್ರು ಡಾಕ್ಟರು. ಆಫೀಸಲ್ಲಿ ಒಂದು ಸಾಲು ಕೋಡ್ ಬದಲಾಯಿಸಿದ್ರೂ ಇಬ್ಬರು ನೋಡದೆ ಮುಂದೆ ಹೋಗಲ್ಲ. ಅಪ್ಪನ ಲೋಟಕ್ಕೆ ಹಾಕೋವಾಗ ನಾನು ಯಾರನ್ನೂ ಕೇಳಿರಲಿಲ್ಲ. ಗಿಡಮೂಲಿಕೆ ತಾನೇ, ಏನಾಗುತ್ತೆ ಅಂದ್ಕೊಂಡಿದ್ದೆ.

"ಎಷ್ಟು ಲೋಟ ಕುಡೀತಿದ್ರಪ್ಪಾ?" ಅಂತ ಬರೋವಾಗ ಆಟೋದಲ್ಲಿ ಕೇಳಿದೆ.

"ನಾಲ್ಕು."

"ಅಷ್ಟು ಇಷ್ಟ ಆಗಿತ್ತಾ?"

ಅಪ್ಪ ಸ್ವಲ್ಪ ಹೊತ್ತು ರಸ್ತೆ ನೋಡ್ತಾ ಕೂತ್ರು. "ಇಲ್ಲ ಕಣೋ. ಅದೇನೋ ಔಷಧಿ ಸಿಹಿ, ನಾಲಿಗೆಗೆ ಅಂಟ್ಕೊಳೋದು. ನೀನು ಅಷ್ಟು ಕಷ್ಟಪಟ್ಟು ಮಾಡಿದ್ದೆ. ಡಬ್ಬ ಬೇಗ ಖಾಲಿಯಾದ್ರೆ ಬೇರೆ ಮಾಡ್ತೀಯೇನೋ ಅಂತ..."

ನನಗೆ ಮಾತೇ ಹೊರಡಲಿಲ್ಲ.

ಮೂರ್ನಾಲ್ಕು ವಾರಕ್ಕೆ ಬಿಪಿ ಇಳೀತು, ಊತಾನೂ ಹೋಯ್ತು. ವರ್ಷನ್ ೭ ಮಾಡೋ ಧೈರ್ಯ ನನಗಂತೂ ಇರಲಿಲ್ಲ, ಅದು ಅಮ್ಮನದು. ಪಾಯಸಕ್ಕೆ ಏಲಕ್ಕಿ ಕಾಳು ಬಿಡಿಸಿಕೊಂಡ ಮೇಲೆ ಸಿಪ್ಪೆಯನ್ನ ಟೀ ಸೊಪ್ಪಿನ ಡಬ್ಬಕ್ಕೆ ಹಾಕಿಡೋದು ನಮ್ಮನೇಲಿ ಮೊದಲಿಂದಾನೂ ಇದೆ. ಅಮ್ಮ ಆ ಸಿಪ್ಪೆಯನ್ನೇ ಒಂದು ಹಿಡಿ ನನ್ನ ನೀಲಗಿರಿ-ಅಸ್ಸಾಂ ಡಬ್ಬಕ್ಕೆ ಸುರಿದು, ಅಲ್ಲಾಡಿಸಿ, ಮುಚ್ಚಳ ಹಾಕಿಟ್ರು. ತೂಕ ಎಷ್ಟಮ್ಮಾ ಅಂದ್ರೆ "ತೂಕ ಯಾಕೋ?" ಅಂದ್ರು. ಈ ಸಲ ಡಾಕ್ಟರನ್ನ ಮೊದಲೇ ಕೇಳಿದ್ವಿ, ನಕ್ಕು ಆಗಬಹುದು ಅಂದ್ರು.

ವಾರ ಬಿಟ್ಟು ಸಂಜೆ ಜಗಲಿ ಮೇಲೆ ಕೂತು ಕೊಟ್ಟೆ. ಸಕ್ಕರೆ ಇಲ್ಲ, ಮೇಲೆ ಒಂದೇ ಚಮಚ ಹಾಲು. ಅಪ್ಪ ಎರಡು ಗುಟುಕು ಕುಡಿದ್ರು.

"ಹೇಗಿದೆ? ನಿಜ ಹೇಳಿ."

"ಪರವಾಗಿಲ್ಲ" ಅಂದ್ರು. ಆಮೇಲೆ, ಪಕ್ಕದ ತೋಟದವರು ಬೋರ್ ಕೊರೆಸಿದ ಕತೆ ಶುರು ಮಾಡಿದ್ರು. ಲೋಟ ಆರಿಹೋಗೋವರೆಗೂ ಹೇಳ್ತಾನೇ ಇದ್ರು.