ಕಾಣದ ಚೀನಾಕ್ಕೆ ಕೈಯಾರೆ ಕಟ್ಟಿದ ದಾರಿ

1860ರ ದಶಕದ ನಡುಭಾಗ. ಪ್ಯಾರಿಸ್ಸಿಗೆ ಅಂಟಿಕೊಂಡಿರುವ ನ್ಯೂಯಿ ಊರಿನ ಒಂದು ಮನೆಯಲ್ಲಿ ಕಲೆಯೇ ದಿನದ ದುಡಿಮೆ. ಯಜಮಾನ ತಿಯೋಫಿಲ್ ಗೋತಿಯೆ ಹೆಸರಾಂತ ಕವಿ. ಸಂಸಾರ ಸಾಗುವುದು ಮಾತ್ರ ಪತ್ರಿಕೆಗಳಿಗೆ ಬರೆಯುವ ವಿಮರ್ಶೆಗಳಿಂದ. ಅವರ ಸಂಗಾತಿ ಎರ್ನೆಸ್ತಾ ಗ್ರೀಸಿ ಇಟಲಿ ಮೂಲದ ಒಪೆರಾ ಗಾಯಕಿ. ಆಕೆಯ ತಂಗಿ ಕಾರ್ಲೋತ್ತಾ 1841ರಲ್ಲಿ 'ಜಿಸೆಲ್' ಬ್ಯಾಲೆಯ ಮೊಟ್ಟಮೊದಲ ನಾಯಕಿಯಾಗಿ ಕುಣಿದವಳು. ಆ ಕಥೆ ಹೆಣೆದವರಲ್ಲಿ ತಿಯೋಫಿಲ್ ಕೂಡ ಒಬ್ಬರು.

ಹಿರಿಮಗಳು ಜ್ಯೂಡಿತ್ ಚೀನೀ ಪುಸ್ತಕವೊಂದರ ಮೇಲೆ ಬಗ್ಗಿ ಕೂತಿದ್ದಾಳೆ. ಎದುರಿಗೆ ಗುರು ಡಿಂಗ್ ಡುನ್‌ಲಿಂಗ್. ಪ್ಯಾರಿಸ್ಸಿನಲ್ಲಿ ದಿಕ್ಕಿಲ್ಲದೆ ನಿಂತಿದ್ದ ಅವರಿಗೆ ಆಸರೆ ಕೊಟ್ಟವರು ಅವಳ ತಂದೆಯೇ. ಹತ್ತಿರ ಬಂದು ಪುಟ ನೋಡಿ: ಸಾಲಿಗೆ ಐದೇ ಅಕ್ಷರ. ನೋಡುತ್ತಿರುವವರು ಯಾರು, ನಡೆದದ್ದು ಯಾವಾಗ, ಯಾವುದನ್ನೂ ಸಾಲು ಬಾಯಿಬಿಟ್ಟು ಹೇಳುವುದಿಲ್ಲ. ಗುರು ಒಂದೊಂದರ ಅರ್ಥ ಬಿಡಿಸುತ್ತಾರೆ. ನಡುವಿನ ಮೌನವನ್ನು ಅವಳು ಫ್ರೆಂಚ್ ಗದ್ಯದಲ್ಲಿ ತುಂಬುತ್ತಾಳೆ. ಅನೇಕ ಕಡೆ ಮೂಲದ ಕವಿಗಳಾದ ಲಿ ಬಾಯ್, ದು ಫು ಅವರಿಗಿಂತ ಅವಳದೇ ಕಲ್ಪನೆ ಹೆಚ್ಚು. 1867ರಲ್ಲಿ ಅದು 'ಜೇಡ್ ಪುಸ್ತಕ'ವಾಗಿ ಹೊರಬರುತ್ತದೆ. ಮೇಲಿರುವ ಕಾವ್ಯನಾಮ ಜ್ಯೂಡಿತ್ ವಾಲ್ಟರ್: ಮನೆತನದ ಹೆಸರಿನ ಹಂಗಿಲ್ಲದೆ ಪುಸ್ತಕ ಓದುಗರ ಕೈಸೇರುತ್ತದೆ.

1890ರ ದಶಕಕ್ಕೆ ಬನ್ನಿ. ಪ್ಯಾರಿಸ್ಸಿನ ವಾಷಿಂಗ್ಟನ್ ಬೀದಿ, ಐದನೆಯ ಮಹಡಿ. ಐವತ್ತರ ಆಸುಪಾಸಿನ ಜ್ಯೂಡಿತ್ ಮೇಣ ತಿದ್ದುತ್ತಿದ್ದಾರೆ. ಬೆರಳ ಕೆಳಗೆ ಗೊಂಬೆಯ ಕೆನ್ನೆ ಮೂಡುತ್ತದೆ, ಆಮೇಲೆ ಗದ್ದ. ಇವು ರಿಚರ್ಡ್ ವಾಗ್ನರ್‌ನ ಒಪೆರಾ ಆಡಬೇಕಾದ ಸೂತ್ರದ ಗೊಂಬೆಗಳು. ಪ್ಯಾರಿಸ್ ಅವನನ್ನು ಗೇಲಿ ಮಾಡುತ್ತಿದ್ದ ಕಾಲದಲ್ಲೇ ಜ್ಯೂಡಿತ್ ಅವನ ಪರ ಬರೆದಿದ್ದರು. 1869ರಲ್ಲಿ ಸ್ವಿಟ್ಜರ್ಲೆಂಡಿನ ಅವನ ಮನೆಗೂ ಹೋಗಿದ್ದರು. ಒಂದೇ ಕೈಗೆ ಲೇಖನಿಯೂ ಒಗ್ಗಿತ್ತು, ಮೇಣವೂ ಒಗ್ಗಿತ್ತು.

ಅವರು ಚೀನಾಕ್ಕೆ ಒಮ್ಮೆಯೂ ಹೋಗಲಿಲ್ಲ. ಫ್ರೆಂಚ್ ಗವರ್ನರ್ ದ್ಯುಪ್ಲೆಯ ಕಾಲದ ಭಾರತವನ್ನು ಕಾದಂಬರಿಯಾಗಿಸಿದರೂ ನಮ್ಮ ನೆಲ ಮೆಟ್ಟಲಿಲ್ಲ. ಕಲೆಯ ಹಸಿವನ್ನು ಕೊಟ್ಟದ್ದು ಮನೆ; ಅಲ್ಲಿಂದ ಮುಂದಕ್ಕೆ ನಡೆಸಿದ್ದು ಅವರ ಸ್ವಂತ ದುಡಿಮೆ. ಅಷ್ಟು ದೂರದಿಂದ ಬರೆದದ್ದರಲ್ಲಿ ತಪ್ಪುಗಳಿವೆ. ಆದರೆ ಚೀನೀ ಕಾವ್ಯವನ್ನು ಯೂರೋಪಿನ ಸಾಮಾನ್ಯ ಓದುಗರ ಮನೆಯೊಳಗೆ ತಂದವರಲ್ಲಿ ಅವರು ಮೊದಲ ಸಾಲಿನವರು.

1910ರಲ್ಲಿ ಫ್ರಾನ್ಸಿನ ಸಾಹಿತ್ಯ ಸಂಸ್ಥೆ ಗೊಂಕೂರ್ ಅಕಾಡೆಮಿಯ ಹತ್ತು ಪೀಠಗಳಲ್ಲಿ ಒಂದು ಅವರದಾಯಿತು. ಅಲ್ಲಿ ಕೂತ ಮೊದಲ ಹೆಣ್ಣು ಅವರು. ಎರಡನೆಯವರಾದ ಲೇಖಕಿ ಕೊಲೆತ್ ಬರುವುದಕ್ಕೆ 1945 ಆಗಬೇಕಾಯಿತು. ಜ್ಯೂಡಿತ್ ಏರಿದ ಮೆಟ್ಟಿಲು ಎಷ್ಟು ಕಡಿದಾಗಿತ್ತೆಂಬುದಕ್ಕೆ ಆ 35 ವರ್ಷಗಳೇ ಸಾಕ್ಷಿ.