ನಿಕಾಹ್‌ಗೆ ಮೊದಲು ಒಂದು ಲೆಕ್ಕ

ನನ್ನ ಎರಡನೇ ನಿಕಾಹ್‌ನ ಮಾತು ಬಂದಾಗ ಊರಿನಿಂದ ಅಕ್ಕ ಫೋನ್ ಮಾಡಿ ಮೊದಲು ಕೇಳಿದ್ದು, "ಮಹ್ರ್ ಎಷ್ಟು ಹೇಳಿದ್ದಾರೆ?" ಎಂದು. ಆ ರಾತ್ರಿ ನಾನು ಹಾಸಿಗೆಯಲ್ಲಿ ಹೊರಳುತ್ತಾ ಯೋಚಿಸಿದ್ದು ಬೇರೆ: ಅವರು ಮನೆಗೆ ಬಂದ ಮೇಲೆ ಬಾಡಿಗೆ ಯಾರು ಕಟ್ಟುವುದು?

ಇದು ನಾಚಿಕೆಯ ಮಾತೆಂದು ಅನೇಕರು ತಿಳಿಯಬಹುದು. ಆದರೆ ಬ್ರಿಟನ್ನಿನಲ್ಲಿ ಸರಕಾರದ ಭತ್ಯೆಯ ಮೇಲೆ ಬದುಕುವ ಅಂಗವಿಕಲ ಹೆಣ್ಣಿಗೆ ಮದುವೆ ಎಂದರೆ ಮೊದಲು ಲೆಕ್ಕ, ಆಮೇಲೆ ಮೆಹಂದಿ.

ನಾನು ಸಾಗರದ ಕಡೆಯವಳು. ಎರಡು ವರ್ಷದವಳಿದ್ದಾಗ ಪೋಲಿಯೋ ಬಂತು. ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದದ್ದು 1995ರಲ್ಲಿ. ನನ್ನ ಕಾಲು ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷ ಹಳೆಯದಾಗಿತ್ತು. ಮದುವೆಯಾಗಿ ಲೆಸ್ಟರ್‌ಗೆ ಬಂದೆ. ಗಂಡ ತೀರಿಕೊಂಡು ಒಂಬತ್ತು ವರ್ಷ ಒಬ್ಬಳೇ ಇದ್ದೆ. ವಯಸ್ಸಾಗುತ್ತಿದ್ದಂತೆ ಒಳ್ಳೆಯ ಕಾಲೂ ಸೋಲತೊಡಗಿ ಗಾಲಿಕುರ್ಚಿ ಬಂತು. ಹೌಸಿಂಗ್ ಅಸೋಸಿಯೇಶನ್ ಒಂದರ ಕೆಳಮಹಡಿಯ ಮನೆ, ಅಗಲ ಬಾಗಿಲು, ಕುಳಿತು ಸ್ನಾನ ಮಾಡುವ ವ್ಯವಸ್ಥೆ. ಆ ಮನೆ ಸಿಗಲು ನಾಲ್ಕು ವರ್ಷ ಕಾದಿದ್ದೆ.

ನನ್ನನ್ನು ಕೇಳಿದವರು ಹೆಂಡತಿಯನ್ನು ಕಳೆದುಕೊಂಡವರು. ಬಸ್ ಓಡಿಸುತ್ತಾರೆ. ಒಳ್ಳೆಯ ಮನುಷ್ಯ. ತಿಂಗಳಿಗೆ ಕೈಗೆ ಬರುವುದು ಸುಮಾರು 1,900 ಪೌಂಡ್. ಹಜ್ಜಿಗೆಂದು 9,000 ಪೌಂಡ್ ಕೂಡಿಟ್ಟಿದ್ದರು.

ಮಸೀದಿಯ ಪಕ್ಕದ ಸಲಹಾ ಕೇಂದ್ರದಲ್ಲಿ ಒಬ್ಬ ಹುಡುಗಿ ಕಾಗದ ತೆಗೆದುಕೊಂಡು ನನಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವಳು ಹೇಳಿದ್ದನ್ನು ನನ್ನಂಥವರಿಗಾಗಿ ಇಲ್ಲಿ ಬರೆಯುತ್ತೇನೆ.

ಭತ್ಯೆಗಳಲ್ಲಿ ಎರಡು ಜಾತಿ. ಒಂದು, ಅಂಗವೈಕಲ್ಯವನ್ನು ಮಾತ್ರ ನೋಡಿ ಕೊಡುವುದು. ಇನ್ನೊಂದು, ಮನೆಯ ವರಮಾನ ನೋಡಿ ಕೊಡುವುದು. ಮೊದಲನೆಯದಕ್ಕೆ ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್ ಎನ್ನುತ್ತಾರೆ. 2013ರಲ್ಲಿ ಬಂದದ್ದು. ಅದಕ್ಕೆ ಗಂಡನ ಸಂಬಳವೂ ಬೇಡ, ಉಳಿತಾಯವೂ ಬೇಡ. ಕೋಟ್ಯಧಿಪತಿಯನ್ನು ಮದುವೆಯಾದರೂ ಅದು ನಿಲ್ಲುವುದಿಲ್ಲ. ಮನೆಯಲ್ಲಿ ಸಹಾಯಕ್ಕೆ ಜನ ಬಂದರೆಂದೂ ಅದು ಕಡಿಮೆಯಾಗಬೇಕಿಲ್ಲ. ಏಕೆಂದರೆ ಅವರು ಅಳೆಯುವುದು ನನಗೆ ಎಷ್ಟು ಸಹಾಯ ಬೇಕು ಎಂಬುದನ್ನು, ಯಾರು ಕೊಡುತ್ತಾರೆ ಎಂಬುದನ್ನಲ್ಲ. ಇದನ್ನು ಕೇಳಿ ಅರ್ಧ ಜೀವ ಬಂತು.

ಉಳಿದರ್ಧ ಹೋದದ್ದು ಯೂನಿವರ್ಸಲ್ ಕ್ರೆಡಿಟ್‌ನ ಮಾತು ಬಂದಾಗ. ನನ್ನ ಬಾಡಿಗೆ ಬರುವುದು ಅದರಲ್ಲೇ. ಹಿಂದೆ ದುಡಿಯುವ ವಯಸ್ಸಿನವರಿಗೂ ಬಾಡಿಗೆಗೆ ಹೌಸಿಂಗ್ ಬೆನಿಫಿಟ್ ಎಂದು ಬೇರೆ ಭತ್ಯೆ ಇತ್ತು. 2024ರ ಕೊನೆಯಲ್ಲಿ ನನ್ನನ್ನೂ ಹೊಸ ಪದ್ಧತಿಗೆ ವರ್ಗ ಮಾಡಿದರು. ಸಂಗಾತಿ ಜೊತೆಗೆ ಬಂದು ನೆಲೆಸಿದರೆ ಇಬ್ಬರೂ ಸೇರಿ ಜಂಟಿ ಅರ್ಜಿ ಹಾಕಬೇಕು. ಅವರ ಸಂಬಳದಲ್ಲಿ 400 ಪೌಂಡಿಗೂ ಸ್ವಲ್ಪ ಹೆಚ್ಚು ಬಿಟ್ಟು, ಉಳಿದ ಪ್ರತಿ ಪೌಂಡಿಗೆ 55 ಪೆನ್ನಿಯಂತೆ ಭತ್ಯೆಯಿಂದ ಕಳೆಯುತ್ತಾರೆ. 1,900 ಪೌಂಡ್ ಸಂಬಳಕ್ಕೆ ಹೀಗೆ ಹೋಗುವುದು ತಿಂಗಳಿಗೆ ಸುಮಾರು 820 ಪೌಂಡ್. ದಂಪತಿಗೆ ಸಿಗುವ ಮೂಲ ಮೊತ್ತ ಒಬ್ಬರದಕ್ಕಿಂತ ಹೆಚ್ಚು ನಿಜ, ಆದರೆ ಒಬ್ಬರದರ ದುಪ್ಪಟ್ಟಲ್ಲ.

ಉಳಿತಾಯ 16,000 ಪೌಂಡ್ ದಾಟಿದರೆ ಸಾಮಾನ್ಯವಾಗಿ ಏನೂ ಇಲ್ಲ. ಒಬ್ಬರಿಗೂ ಅದೇ ಮಿತಿ, ಇಬ್ಬರಿಗೂ ಅದೇ ಮಿತಿ. 6,000 ದಾಟಿದ ಮೇಲೆ ಪ್ರತಿ 250ಕ್ಕೆ ತಿಂಗಳಿಗೆ 4.35 ಪೌಂಡ್ ವರಮಾನವಿದೆಯೆಂದು ಹಿಡಿಯುತ್ತಾರೆ. ಹಜ್ಜಿನ ಹಣ ಎಂದು ಹೇಳಿದರೆ ಕಂಪ್ಯೂಟರಿಗೆ ಅರ್ಥವಾಗದು. ಅವರ 9,000ಕ್ಕೆ ತಿಂಗಳಿಗೆ 52 ಪೌಂಡ್ ಹೋಯಿತು.

ಹಳೆಯ ಪದ್ಧತಿಯಲ್ಲಿ ಒಬ್ಬಂಟಿಯಾಗಿ ಬದುಕುವ ತೀವ್ರ ಅಂಗವಿಕಲರಿಗೆ ಒಂದು ಹೆಚ್ಚುವರಿ ಮೊತ್ತವಿತ್ತು. ವರ್ಗ ಮಾಡುವಾಗ ನಷ್ಟವಾಗದಿರಲೆಂದು ಅದರ ಬದಲು ಒಂದಿಷ್ಟು ಸೇರಿಸಿದ್ದರು. ಒಬ್ಬಂಟಿ ಜೋಡಿಯಾದ ದಿನ ಆ ರಕ್ಷಣೆಯೂ ಮುಗಿಯಿತು. ಒಬ್ಬರೇ ಇರುವವರಿಗೆ ಕೌನ್ಸಿಲ್ ತೆರಿಗೆಯಲ್ಲಿ ಸಿಗುವ 25 ಶೇಕಡಾ ರಿಯಾಯಿತಿಯೂ ಹೋಗುತ್ತದೆ. ಜೊತೆಗಿದ್ದು ಆರೈಕೆ ಮಾಡುವವರನ್ನು ಕೆಲವೊಮ್ಮೆ ಈ ಲೆಕ್ಕದಿಂದ ಬಿಡುತ್ತಾರಂತೆ. ಆದರೆ ಆರೈಕೆ ಮಾಡುವವನು ಗಂಡನಾದರೆ ಬಿಡುವುದಿಲ್ಲ!

ಪೆನ್ಸಿಲ್ ಕೆಳಗಿಟ್ಟು ಆ ಹುಡುಗಿ ನನ್ನ ಮುಖ ನೋಡಿದಳು. "ಆಂಟಿ, ಅವರ ಸಂಬಳ ಮನೆಗೆ ಬರುತ್ತದಲ್ಲ. ನೀವು ಬಡವರಾಗುವುದಿಲ್ಲ" ಎಂದಳು. ಅವಳ ಮಾತು ಸುಳ್ಳಲ್ಲ. ಆದರೆ ಒಂಬತ್ತು ವರ್ಷ ನನ್ನ ಹೆಸರಿಗೆ ಬರುತ್ತಿದ್ದ ಬಾಡಿಗೆ ಇನ್ನು ಮುಂದೆ ಇನ್ನೊಬ್ಬರ ಜೇಬಿನಿಂದ ಬರಬೇಕು. ಅವರು ಸಿಟ್ಟಾದರೆ? ಅವರಿಗೆ ಕಾಯಿಲೆಯಾದರೆ? ಅಗಲ ಬಾಗಿಲಿನ ಮನೆ ಹೋದರೆ ನಾನು ಯಾವ ಬಾಗಿಲಿಗೆ ಹೋಗಲಿ? ಹೆಂಡತಿಯ ಹೊಣೆ ಗಂಡನದೆಂದು ನಮ್ಮ ಶರೀಅತ್ ಹೇಳುತ್ತದೆ. ಹಾಗೆಯೇ ಹೆಂಡತಿಯ ಆಸ್ತಿ ಹೆಂಡತಿಯದೇ ಎಂದೂ ಹೇಳುತ್ತದೆ. ಕಚೇರಿಯವರು ಮೊದಲನೆಯದನ್ನು ಒಪ್ಪಿಕೊಂಡು ಎರಡನೆಯದನ್ನು ಮರೆತಂತಿದೆ.

ಆಗಲೇ ಒಬ್ಬ ಪರಿಚಿತರು ಸುಲಭದ ದಾರಿ ತೋರಿಸಿದರು. "ನಿಕಾಹ್ ಮಾಡಿಸಿಕೊಳ್ಳಿ, ರಿಜಿಸ್ಟರ್ ಮಾಡಿಸಬೇಡಿ. ಸರಕಾರದ ದೃಷ್ಟಿಯಲ್ಲಿ ನೀವು ಒಬ್ಬರೇ. ವಾರಕ್ಕೆ ಮೂರು ರಾತ್ರಿ ಬಂದರೆ ಯಾರೂ ಕೇಳುವುದಿಲ್ಲ" ಎಂದರು. ನಮ್ಮ ಜನರಲ್ಲಿ ಈ ಮಾತು ಬಹಳ ಓಡಾಡುತ್ತದೆ. ಇದರಲ್ಲಿ ಎರಡು ತಪ್ಪಿವೆ.

ಮೊದಲನೆಯದು ಕಾನೂನಿನದು. ಮೂರು ರಾತ್ರಿಯ ನಿಯಮ ಎಂಬುದೇ ಇಲ್ಲ. ಒಂದೇ ಸಂಸಾರವೇ, ಖರ್ಚು ಹಂಚಿಕೊಳ್ಳುತ್ತಾರೆಯೇ, ಸಂಬಂಧ ಗಟ್ಟಿಯಾಗಿದೆಯೇ, ಜನ ಇವರನ್ನು ಗಂಡಹೆಂಡಿರೆಂದು ತಿಳಿಯುತ್ತಾರೆಯೇ ಎಂದು ಎಲ್ಲವನ್ನೂ ಸೇರಿಸಿ ನೋಡುತ್ತಾರೆ. ಮದುವೆ ರಿಜಿಸ್ಟರ್ ಆಗಿರಲಿ ಬಿಡಲಿ, ದಂಪತಿಯಂತೆ ಒಟ್ಟಿಗಿದ್ದರೆ ದಂಪತಿಯೇ. ಮುಚ್ಚಿಟ್ಟರೆ ಪಡೆದ ಹಣ ಹಿಂದಕ್ಕೆ ಕೊಡಬೇಕು, ಮೊಕದ್ದಮೆಯೂ ಆಗಬಹುದು. ವಿಚಿತ್ರವೆಂದರೆ, ಭತ್ಯೆ ಕಡಿಯುವಾಗ ಗಂಡಹೆಂಡಿರೆನಿಸಿದವರು ಬೇರೆಯಾಗುವಾಗ ಹಾಗೆನಿಸುವುದಿಲ್ಲ. ಬರೀ ನಿಕಾಹ್ ಆದ ಒಂದು ಪ್ರಕರಣದಲ್ಲಿ, ಕಾನೂನಿನ ದೃಷ್ಟಿಯಲ್ಲಿ ಅದು ಮದುವೆಯೇ ಅಲ್ಲ ಎಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ತೀರ್ಪು ಕೊಟ್ಟಿತು. ಅಂಥ ಹೆಂಡತಿಗೆ ವಿಚ್ಛೇದನದಲ್ಲಿ ಸಿಗಬೇಕಾದ ಪಾಲು ಕೇಳುವ ದಾರಿ ಇಲ್ಲ. ಅಂದರೆ ಭತ್ಯೆಯೂ ಹೋಯಿತು, ಹಕ್ಕೂ ಇಲ್ಲ. ಎರಡೂ ಕಡೆ ಸೋಲುವವಳು ಹೆಣ್ಣು.

ಎರಡನೆಯ ತಪ್ಪು ದೀನಿನದು. ನಿಕಾಹ್ ಗುಟ್ಟಿನ ವ್ಯವಹಾರವಲ್ಲ. ನಾಲ್ಕು ಜನಕ್ಕೆ ತಿಳಿಯಲೆಂದೇ ವಲೀಮಾ. ಕಚೇರಿಯವರು ಕೇಳುವ ಪ್ರಶ್ನೆಯೂ ಅದೇ ತಾನೆ, ಜನರಿಗೆ ತಿಳಿದಿದೆಯೇ ಎಂದು. ಹಲಾಲ್ ಸಂಬಂಧಕ್ಕೆ ಸುಳ್ಳಿನ ಫಾರಂ ಅಡಿಗಲ್ಲಾಗುವುದು ನನಗೆ ಬೇಡವಾಗಿತ್ತು.

ನಾನು ಅವರಿಗೆ ಲೆಕ್ಕದ ಕಾಗದ ತೋರಿಸಿದೆ. ಅವರು ತುಂಬಾ ಹೊತ್ತು ಓದಿದರು. ಜಂಟಿ ಭತ್ಯೆಯ ಹಣ ಸಾಮಾನ್ಯವಾಗಿ ಒಬ್ಬರ ಖಾತೆಗೆ ಮಾತ್ರ ಬರುತ್ತದೆ ಎಂಬಲ್ಲಿ ಬೆರಳಿಟ್ಟು, "ಇದು ನಿಮ್ಮ ಖಾತೆಗೇ ಬರಲಿ. ಬಾಡಿಗೆಗೆ ಕಡಿಮೆ ಬೀಳುವುದನ್ನು ಸಂಬಳದ ದಿನವೇ ಅದಕ್ಕೆ ಹಾಕುತ್ತೇನೆ. ನೀವು ಕೇಳುವಂತಾಗಬಾರದು" ಎಂದರು. ಅಕ್ಕ ಕೇಳಿದ ಮಹ್ರ್‌ಗಿಂತ ನನಗೆ ಈ ಮಾತು ದೊಡ್ಡದಾಯಿತು.

2025ರಲ್ಲಿ ನಿಕಾಹ್ ಆಯಿತು, ರಿಜಿಸ್ಟರ್ ಕಚೇರಿಯಲ್ಲೂ ಸಹಿ ಆಯಿತು. ಆ ವಾರವೇ ಎಲ್ಲ ಕಡೆ ತಿಳಿಸಿದೆವು. ಬಾಡಿಗೆ ಕರಾರು ನನ್ನ ಹೆಸರಿನಲ್ಲೇ ಇದೆ. ಸಂಬಳದ ದಿನ ಹಣ ಬರುತ್ತದೆ, ಒಮ್ಮೆಯೂ ತಪ್ಪಿಲ್ಲ. ಆದರೂ ಆ ದಿನ ಬೆಳಿಗ್ಗೆ ಎದ್ದ ಕೂಡಲೇ ನಾನು ಫೋನಿನಲ್ಲಿ ಖಾತೆ ನೋಡುತ್ತೇನೆ. ಅವರ ಮೇಲೆ ನಂಬಿಕೆಯಿಲ್ಲವೆಂದಲ್ಲ. ಅಭ್ಯಾಸ ಹೋಗುತ್ತಿಲ್ಲ.

ನನ್ನ ನೆರೆಯ ಒಬ್ಬ ಇಂಗ್ಲಿಷ್ ಹೆಂಗಸು, ಅವಳೂ ಗಾಲಿಕುರ್ಚಿಯವಳು. ಹನ್ನೊಂದು ವರ್ಷದಿಂದ ಅವಳ ಗೆಳೆಯ ಎರಡು ಬೀದಿ ಆಚೆ ಬೇರೆ ಮನೆಯಲ್ಲಿದ್ದಾನೆ. ರಾತ್ರಿ ಬಿದ್ದರೆ ಎತ್ತಲು ಅವನಿರುವುದಿಲ್ಲ. "ಲೆಕ್ಕ ಹೊಂದುವುದಿಲ್ಲ" ಎನ್ನುತ್ತಾಳೆ. ನಮ್ಮ ಊರಿನಲ್ಲೂ ವಿಧವೆ ಮರುಮದುವೆಯಾದರೆ ವಿಧವಾ ವೇತನ ನಿಲ್ಲುತ್ತದೆ. ಆಸರೆ ಸಿಕ್ಕಿತಲ್ಲ ಎಂಬುದು ಎರಡೂ ಕಡೆಯ ವಾದ. ಆದರೆ ಗಂಡ ಬಂದ ಮಾತ್ರಕ್ಕೆ ಗಾಲಿಕುರ್ಚಿಯ ಖರ್ಚು ಕಡಿಮೆಯಾಗುವುದಿಲ್ಲ, ಹೆಣ್ಣಿಗೆ ತನ್ನದೇ ಒಂದಿಷ್ಟು ಹಣ ಬೇಕೆಂಬ ಅಗತ್ಯವೂ ಮುಗಿಯುವುದಿಲ್ಲ.

ಪರದೇಶದ ಮಸೀದಿಗಳಲ್ಲಿ ನಿಕಾಹ್ ಮಾಡಿಸುವ ಹಿರಿಯರಲ್ಲಿ ಒಂದು ವಿನಂತಿ. ವಲಿ ಯಾರು, ಸಾಕ್ಷಿ ಯಾರು ಎಂದು ಕೇಳುವಾಗಲೇ, ಈ ಹೆಣ್ಣಿನ ಮನೆ ಯಾರ ಹೆಸರಿನಲ್ಲಿದೆ, ಬಾಡಿಗೆ ಹೇಗೆ ಬರುತ್ತದೆ, ಮದುವೆ ರಿಜಿಸ್ಟರ್ ಆಗುತ್ತದೆಯೇ ಎಂದೂ ಕೇಳಿ. ಗಂಡಿನ ಎದುರಿಗೇ ಕೇಳಿ. ನಿಕಾಹ್ ಆದ ಮೇಲೆ ಅವಳೊಬ್ಬಳೇ ಕೇಳಬೇಕಾಗಿ ಬಂದರೆ, ಅದು ಬಹಳ ಕಷ್ಟ.