ವರ್ಗ ಎಷ್ಟು, ಕುಮ್ಕಿ ಎಷ್ಟು?

ತೋಟದ ಕೆಲಸದೊಟ್ಟಿಗೆ ನಾನು ಜಾಗದ ಬ್ರೋಕರ್ ಕೆಲಸವನ್ನೂ ಸ್ವಲ್ಪ ಮಾಡುವುದು ನಿಮಗೆಲ್ಲ ಗೊತ್ತುಂಟು. ಕೂತಲ್ಲಿಗೆ ದುಡ್ಡು ಬರ್ತದೆ ಅಂತ ಕೆಲವರು ಹೇಳ್ತಾರೆ. ಅವರಿಗಾಗಿ ಇದನ್ನು ಬರೆಯುವುದು.

ನೆರೆಮನೆಯ ಅಣ್ಣನಿಗೆ ಮಗಳ ಮದುವೆ, ಮೇಲಿಂದ ಸೊಸೈಟಿ ಸಾಲ. "ಐದು ಎಕರೆ ಉಂಟು, ಒಂದು ಪಾರ್ಟಿ ನೋಡು ಮಾರಾಯ" ಅಂದ್ರು. ಆರ್‌ಟಿಸಿ ತೆಗೆಸಿ ನೋಡಿದರೆ ವರ್ಗ ಮೂರೇ ಎಕರೆ. ಬಾಕಿ ಎರಡು ಕುಮ್ಕಿ.

ಬೆಂಗಳೂರಿನವರು ಉಪ್ಪಿನಂಗಡಿಗೆ ನಾಲ್ಕು ಸಲ ಬಂದ್ರು. ಪೆಟ್ರೋಲ್, ಊಟ ಎಲ್ಲ ನನ್ನ ಕೈಯಿಂದ. ನೀರು, ರಸ್ತೆ ನೋಡಿ ಐದು ಎಕರೆಗೂ ಒಂದೇ ರೇಟು ಒಪ್ಪಿದ್ರು. ಅಡ್ವಾನ್ಸಿನ ಹಿಂದಿನ ದಿನ ಅಣ್ಣ ಬಂದು, "ಕುಮ್ಕಿ ವಿಷಯ ಎತ್ತಬೇಡ" ಅಂದ್ರು.

ಕುಮ್ಕಿ ಅಂದರೆ ಕದೀಂ ವರ್ಗದಿಂದ 450 ಲಿಂಕ್ಸ್, ಅಂದರೆ ಸುಮಾರು 300 ಅಡಿ ಒಳಗಿನ ಸರಕಾರಿ ಜಾಗ. ಸೊಪ್ಪು, ಸೌದೆಯ ಹಕ್ಕು ನಮ್ಮದು, ಜಾಗ ಸರಕಾರದ್ದು. ಅಜ್ಜ ನೆಟ್ಟ ಅಡಿಕೆ ಇದ್ದರೂ ಅದು ರಿಜಿಸ್ಟ್ರಿ ಆಗುವುದಿಲ್ಲ.

ನಾನು ಪಾರ್ಟಿಗೆ ಹೇಳಿದೆ. ಮೂರು ಎಕರೆಯ ದುಡ್ಡು ಮಾತ್ರ ಕೊಡ್ತೇವೆ ಅಂದ್ರು. ಅಣ್ಣ ಒಪ್ಪಲಿಲ್ಲ, ವ್ಯಾಪಾರ ಮುರಿಯಿತು. ನನ್ನ ಕಮಿಷನ್ನೂ ಹೋಯಿತು.

ಮೊನ್ನೆ ಅಣ್ಣ ಮದುವೆ ಕಾಗದ ಕೊಡಲಿಕ್ಕೆ ಬಂದ್ರು. ಅಂಗಳದಲ್ಲೇ ಕೊಟ್ಟು ಹೋದ್ರು, ಜಗಲಿ ಹತ್ತಲಿಲ್ಲ. ನಾನು ಮದುವೆಗೆ ಹೋಗ್ತೇನೆ.

ಜಾಗ ಮಾರುವವರು ಮೊದಲು ಆರ್‌ಟಿಸಿ ಹಿಡ್ಕೊಂಡು ಬನ್ನಿ. ವರ್ಗ, ಕುಮ್ಕಿ ಬೇರೆ ಬೇರೆ ಹೇಳಿ. ರೇಟು ಆಮೇಲೆ ಮಾತಾಡುವ.